ದಿಂಬಿನ ಮೇಲಿನ ಎಕ್ಸ್‌ರೇ

ಪಂದ್ಯದ ಪಾರಿವಾಳ ಸಾಕುವವನ ಹೆಂಡತಿ ಶನಿವಾರ ಹಿತ್ತಲಲ್ಲಿ ಬಟ್ಟೆ ಒಣಹಾಕುವಂತಿಲ್ಲ. ನಮ್ಮ ಫ್ಲಾಂಡರ್ಸಿನ ಈ ಮೂಲೆಯಲ್ಲಿ ಇದು ಚರ್ಚಿನ ಕಟ್ಟಳೆಗಿಂತ ಗಟ್ಟಿ. ನೂರಾರು ಮೈಲಿ ಹಾರಿ ಬಂದ ಹಕ್ಕಿ, ಗಾಳಿಗೆ ಪಟಪಟ ಹೊಡೆದುಕೊಳ್ಳುವ ಬಿಳಿ ಹಾಸುಬಟ್ಟೆ ಕಂಡರೆ ಬೆದರುತ್ತದೆ, ಗೂಡಿಗಿಳಿಯದೆ ಮಾಡಿನ ಮೇಲೆ ಕೂತುಬಿಡುತ್ತದೆ. ಅಷ್ಟರಲ್ಲಿ ಪಕ್ಕದ ಬೀದಿಯವನ ಹಕ್ಕಿ ಗೂಡು ಸೇರಿ ಬಹುಮಾನ ಹೊಡೆದಿರುತ್ತದೆ. ಹಾಗಾಗಿ ಅಲೀಡಾ ಕಮೀಲನ ಕೈಹಿಡಿದು ಬಂದಾಗಿನಿಂದ ಪಂದ್ಯದ ಕಾಲದಲ್ಲಿ ಒಂದು ಶನಿವಾರವೂ ಹಗ್ಗಕ್ಕೆ ಒಂದು ಕರವಸ್ತ್ರ ಸಹ ನೇತುಹಾಕಿದವಳಲ್ಲ. ಒದ್ದೆ ಬಟ್ಟೆ ಅಡುಗೆಮನೆಯ ಕುರ್ಚಿಗಳ ಬೆನ್ನ ಮೇಲೆ ಒಣಗುತ್ತಿತ್ತು, ಕಿಟಕಿ ಗಾಜು ಬೆವರುತ್ತಿತ್ತು, ಅವಳು ಒಳಗೊಳಗೇ ಕುದಿಯುತ್ತ ಅದನ್ನು ಒರೆಸುತ್ತಿದ್ದಳು.

ಬಟ್ಟೆಯದೇನು ಮಹಾ, ಅದನ್ನು ಅವಳು ಎಂದೋ ನುಂಗಿಕೊಂಡಿದ್ದಳು. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಮಾರ್ಥಾಳ ಸಾವು.

ಮಾರ್ಥಾ ಅವಳ ಅಕ್ಕ. ಓಸ್ಟೆಂಡಿನಲ್ಲಿ ಸಮುದ್ರದ ಹತ್ತಿರ ಒಬ್ಬಳೇ ಇದ್ದಳು. ಎರಡು ಬೇಸಿಗೆಗಳ ಹಿಂದೆ, ಒಂದು ಶನಿವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂದಿತ್ತು: ಬೇಗ ಬನ್ನಿ, ನಿಮ್ಮನ್ನೇ ಕೇಳುತ್ತಿದ್ದಾರೆ ಎಂದು. ಅಲೀಡಾಗೆ ಕಾರು ಓಡಿಸಲು ಬಾರದು. ಕಮೀಲ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತ ಕೂತಿದ್ದ. ಅಂದು ಬಾರ್ಸಿಲೋನಾ ಪಂದ್ಯ, ಬಾರ್ಸಿಲೋನಾದಲ್ಲಿ ಹಾರಿಬಿಟ್ಟ ಹಕ್ಕಿಗಳು ಮನೆಗೆ ಮರಳುವ ದಿನ. ಪಾರಿವಾಳದವರಿಗೆ ವರ್ಷಕ್ಕೊಮ್ಮೆ ಬರುವ ದೊಡ್ಡ ಹಬ್ಬ. ಹಕ್ಕಿ ಬಂದ ಕೂಡಲೇ ಅದರ ಕಾಲಿನ ರಬ್ಬರ್ ಬಳೆ ತೆಗೆದು ಪಂದ್ಯದ ಗಡಿಯಾರದೊಳಗೆ ಹಾಕಿ ಒತ್ತಬೇಕು. ಒತ್ತಿದ ಗಳಿಗೆಯೇ ಲೆಕ್ಕ, ಬಂದ ಗಳಿಗೆಯಲ್ಲ.

"ನೀಲಿ ಬರಲಿ, ಹೊರಟುಬಿಡೋಣ" ಎಂದಿದ್ದ ಕಮೀಲ. "ಇನ್ನೇನು ಬಂದೇಬಿಡುತ್ತೆ."

ನೀಲಿ ಎಂದರೆ ಅವನ ಅಚ್ಚುಮೆಚ್ಚಿನ ಹೆಣ್ಣು ಹಕ್ಕಿ. ಅದು ಮಧ್ಯಾಹ್ನ ದಾಟಿದ ಮೇಲೆ ಬಂತು. ಇವರು ಓಸ್ಟೆಂಡ್ ಮುಟ್ಟುವ ಹೊತ್ತಿಗೆ ಮಾರ್ಥಾಳ ಮುಖದ ಮೇಲೆ ಬಟ್ಟೆ ಎಳೆದಿದ್ದರು. ನೀಲಿ ಜಿಲ್ಲೆಗೇ ಮೊದಲ ಸ್ಥಾನ ಗಳಿಸಿತ್ತು. ಆ ಬೆಳ್ಳಿ ಬಟ್ಟಲು ಇವತ್ತಿಗೂ ಬೀರುವಿನ ಮೇಲಿದೆ, ಅದರ ದೂಳು ಒರೆಸುವವಳು ಅಲೀಡಾ. ಒಂದು ದಿನವೂ ಅವಳು ಅದರ ಬಗ್ಗೆ ಚಕಾರ ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಮಾತಾಡದಿದ್ದರೆ ಆಗಿಹೋದದ್ದು ಆಗದೆ ಉಳಿಯುತ್ತದೆ ಎಂದು ನಮ್ಮ ಗಂಡಸರಿಗೆ ಯಾರು ಹೇಳಿಕೊಟ್ಟರೋ ಕಾಣೆ.

ಮಾರ್ಥಾ ಹೋದ ಎರಡನೇ ಚಳಿಗಾಲ ಕಮೀಲನಿಗೆ ಅಂಡವಾಯು ಆಪರೇಷನ್ ಆಗಬೇಕಿತ್ತು. ಅರಿವಳಿಕೆ ಕೊಡುವ ಮುಂಚೆ ಎದೆಯದೊಂದು ಎಕ್ಸ್‌ರೇ ತೆಗೆಯುವುದು ವಾಡಿಕೆ. ತೆಗೆದರು. ಅಂಡವಾಯುವಿನ ಮಾತೆಲ್ಲ ಅಲ್ಲಿಗೇ ನಿಂತುಹೋಯಿತು.

ಡಾಕ್ಟರ್ ಲೋಬೆಲ್ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಪೆನ್ನಿನ ತುದಿ ಇಟ್ಟ. ಬಟಾಣಿ ಕಾಳಿನಷ್ಟು ಒಂದು ಬಿಳಿ ಚುಕ್ಕೆ.

"ಗಾಬರಿ ಬೇಡ" ಎಂದ. "ಎದೆಯ ಚಿತ್ರ ತೆಗೆದ್ರೆ ನಾವು ಹುಡುಕದೇ ಇರೋದೂ ಕಾಣುತ್ತೆ. ಯಾವಾಗ್ಲೋ ಮಾಯ್ದ ಗಾಯದ ಕಲೆ, ಸುಣ್ಣಗಟ್ಟಿದ ಗಂಟು, ಹುಟ್ಟಿನಿಂದ್ಲೇ ಬಂದ ಹೆಚ್ಚಿನ ಪಕ್ಕೆಲುಬು. ಮುಕ್ಕಾಲುವಾಸಿ ಏನೂ ಆಗಿರಲ್ಲ. ಜನ ಗೊತ್ತೇ ಇಲ್ದೆ ಅದನ್ನ ಹೊತ್ಕೊಂಡು ತೊಂಬತ್ತು ವರ್ಷ ಬದುಕ್ತಾರೆ."

"ಉಳಿದ ಕಾಲುವಾಸಿ?" ಎಂದ ಕಮೀಲ.

"ಉಳಿದದ್ದನ್ನ ನೋಡ್ತಾ ಇರಬೇಕು. ಬೆಳೆಯುತ್ತಾ ಇಲ್ವಾ ಅಂತ. ಕೆಲವು ತಿಂಗಳು ಬಿಟ್ಟು ಇನ್ನೊಂದು ತೆಗೆಯೋಣ. ಅದಕ್ಕಿಂತ ಸುಲಭದ ದಾರಿ ಒಂದಿದೆ. ನಿಮ್ಮ ಹಳೇ ಎಕ್ಸ್‌ರೇ ಯಾವುದಾದ್ರೂ ಇದ್ಯಾ? ಅದರಲ್ಲೂ ಇದೇ ಚುಕ್ಕೆ ಇಷ್ಟೇ ಇದ್ರೆ, ಈಗ್ಲೇ ಮರೆತುಬಿಡಬಹುದು. ಕೆಟ್ಟದ್ದು ಯಾವುದೂ ಅಷ್ಟು ವರ್ಷ ಸುಮ್ನೆ ಕೂತಿರಲ್ಲ."

ಕಮೀಲ ಹೆಂಡತಿಯ ಕಡೆ ತಿರುಗಿದ. "ಗೂಡಿನ ಏಣಿಯಿಂದ ಬಿದ್ದು ಪಕ್ಕೆ ಮುರ್ಕೊಂಡಿದ್ನಲ್ಲ, ಆಗ ತೆಗೆದದ್ದು ಎಲ್ಲಿದೆ?"

ನಮ್ಮ ಕಡೆ ಆಸ್ಪತ್ರೆಯವರು ಫಿಲ್ಮನ್ನು ರೋಗಿಯ ಕೈಗೇ ಕೊಟ್ಟು ಕಳಿಸುತ್ತಾರೆ. ಎಲ್ಲರ ಮನೆಯಲ್ಲೂ ಬೀರುವಿನ ಹಿಂದೆ ದೊಡ್ಡದೊಂದು ಕಂದು ಲಕೋಟೆ ಇರುತ್ತದೆ. ಅಲೀಡಾ ಬಾಯಿ ತೆರೆದಳು. ಅದು ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಡಾಕ್ಟರು ಇನ್ನೊಂದು ಮಾತು ಕೇಳಿದ: "ಮನೇಲಿ ಪಾರಿವಾಳ ಇದ್ಯಾ?"

"ಇವೆ" ಎಂದ ಕಮೀಲ, ಯಾರೋ ಮಕ್ಕಳಿದ್ದಾರಾ ಎಂದು ಕೇಳಿದಂತೆ.

"ಅವುಗಳ ದೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಈ ಚುಕ್ಕೆ ಏನು ಅಂತ ತಿಳಿಯೋವರೆಗೆ ಗೂಡಿನಿಂದ ದೂರ ಇರಿ."

ಅಲೀಡಾ ತೆರೆದ ಬಾಯಿ ಮುಚ್ಚಿದಳು. ಆಮೇಲೆ ಮತ್ತೆ ತೆರೆದು, "ಆ ಎಕ್ಸ್‌ರೇನಾ? ಮನೆಗೆ ಬಣ್ಣ ಹೊಡೆಸಿದಾಗ ಕಸಕ್ಕೆ ಹೋಯ್ತು" ಎಂದಳು. ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ತನಗೇ ಆಶ್ಚರ್ಯವಾಯಿತು.

ಕಸಕ್ಕೆ ಹೋಗಿರಲಿಲ್ಲ. ಅದು ಅವಳ ಲೇಸಿನ ದಿಂಬಿನ ಮೇಲಿತ್ತು.

ಲೇಸು ಹೆಣೆಯುವ ಹೆಂಗಸರಿಗೆ ತೂತು ಚುಚ್ಚಿದ ನಮೂನೆಯೊಂದು ಬೇಕು. ಅದನ್ನು ದಿಂಬಿಗೆ ಹಾಸಿ, ತೂತು ತೂತಿಗೆ ಗುಂಡುಸೂಜಿ ನೆಟ್ಟು, ಅವುಗಳ ಸುತ್ತ ದಾರ ಸುತ್ತಿದ ಕಡ್ಡಿಗಳನ್ನು ಅತ್ತಿತ್ತ ದಾಟಿಸುತ್ತ ಹೋಗಬೇಕು. ರಟ್ಟಿನ ನಮೂನೆ ಒಂದೆರಡು ವರ್ಷಕ್ಕೆ ಹರಿದುಹೋಗುತ್ತದೆ. ಎಕ್ಸ್‌ರೇ ಫಿಲ್ಮು ಅಷ್ಟು ಬೇಗ ಹರಿಯುವುದಿಲ್ಲ, ಕಪ್ಪಗಿರುವುದರಿಂದ ಬಿಳಿ ದಾರ ಕಣ್ಣಿಗೆ ಎದ್ದು ಕಾಣುತ್ತದೆ. ಮಠದ ಸಿಸ್ಟರುಗಳು ಹೇಳಿಕೊಟ್ಟ ಈ ಉಪಾಯ ಊರಿನ ಎಲ್ಲ ಹೆಂಗಸರಿಗೂ ಗೊತ್ತು. ಯಾರ ಮನೆಯ ಮೇಜುಬಟ್ಟೆ ಯಾರ ಮೊಣಕಾಲಿನ ಫಿಲ್ಮಿನ ಮೇಲೆ ಹೆಣೆದದ್ದು ಎಂದು ಅವರವರೇ ನಗಾಡಿಕೊಳ್ಳುತ್ತಾರೆ. ಅಲೀಡಾ ಎಷ್ಟೋ ವರ್ಷದ ಹಿಂದೆ ಕಮೀಲನ ಎದೆಯನ್ನು ಉದ್ದಕ್ಕೆ ಎರಡಾಗಿ ಕತ್ತರಿಸಿದ್ದಳು. ಎಡಭಾಗ ಯಾವುದೋ ಮದುವೆಯ ಉಡುಗೊರೆಗೆ ಸವೆದುಹೋಗಿತ್ತು. ಬಲಭಾಗದ ಮೇಲೆ ಈಗಲೂ ದಿನಾ ಸಂಜೆ, ಅವನೆದುರೇ ಕೂತು, ಪಟ್ಟಿ ಲೇಸು ಹೆಣೆಯುತ್ತಿದ್ದಳು. ಕಮೀಲ ಒಂದು ದಿನವಾದರೂ ಕತ್ತು ಚಾಚಿ, ಏನು ಹೆಣೀತಿದ್ದೀಯ ಎಂದು ನೋಡಿದ್ದರೆ ತಾನೇ. ಹಕ್ಕಿಯ ರೆಕ್ಕೆಯ ಒಂದೊಂದು ಗರಿಯನ್ನೂ ಬೆರಳಲ್ಲಿ ಬಿಡಿಸಿ ನೋಡುವ ಮನುಷ್ಯನಿಗೆ ಹೆಂಡತಿಯ ಮಡಿಲಲ್ಲಿ ಏನಿದೆ ಎಂದು ನೋಡಲು ಪುರುಸೊತ್ತಿರಲಿಲ್ಲ.

ಮನೆಗೆ ಬಂದವಳೇ ಅವಳು ನಮೂನೆಯ ಮೇಲ್ತುದಿಯ ಸೂಜಿಗಳನ್ನು ಕಿತ್ತಳು. ಹೆಣೆದ ಲೇಸನ್ನು ಮೆಲ್ಲಗೆ ಸರಿಸಿ, ಫಿಲ್ಮಿನ ತುದಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಸಾಲು ಸಾಲು ತೂತುಗಳ ನಡುವೆ, ಬಲಗಡೆ ಮೇಲೆ, ಬಟಾಣಿ ಕಾಳಿನಷ್ಟೇ ಬಿಳಿ ಚುಕ್ಕೆ. ಅಂದು ಎಲ್ಲರೂ ಮುರಿದ ಪಕ್ಕೆಲುಬನ್ನೇ ನೋಡಿದ್ದರು, ಇದನ್ನು ಯಾರೂ ನೋಡಿರಲಿಲ್ಲ.

ಇವನು ಸಾಯುವುದಿಲ್ಲ. ಇಷ್ಟು ವರ್ಷ ಇವನೊಳಗೆ ತೆಪ್ಪಗೆ ಕೂತಿರುವ ಚುಕ್ಕೆ ಇನ್ನು ಮುಂದೆಯೂ ತೆಪ್ಪಗಿರುತ್ತದೆ. ಹಾಗೆಂದು ತಿಳಿದ ಮೇಲೆಯೇ ಅವಳಿಗೆ ಧೈರ್ಯ ಬಂದದ್ದು. ಒಂದು ವಾರ, ಅಂದುಕೊಂಡಳು. ಒಂದೇ ವಾರ ಇವನೂ ಕಾಯಲಿ. ಮಾರ್ಥಾ ಕಾದ ಹಾಗೆ, ಬಾರದೆ ಇರುವವರ ದಾರಿ ನೋಡುವುದು ಏನೆಂದು ಗೊತ್ತಾಗಲಿ. ಫಿಲ್ಮನ್ನು ಮತ್ತೆ ದಿಂಬಿಗೆ ಹಾಸಿ, ಸೂಜಿಗಳನ್ನು ಒಂದೊಂದಾಗಿ ನೆಟ್ಟಳು.

ವಾರ ಕಳೆಯಿತು. ಕಮೀಲ ಗೂಡಿಗೆ ಹೋಗುವುದನ್ನು ಬಿಟ್ಟಿದ್ದ. ಪಾರಿವಾಳದವರ ಸಂಘ ಸೇರುವುದು ಆಶೀಲನ ಬಿಯರ್ ಅಂಗಡಿಯಲ್ಲಿ. ಆ ಆಶೀಲ ದಿನಾ ಬಂದು ಹಕ್ಕಿಗಳಿಗೆ ಕಾಳು ಹಾಕಿ ಹೋಗುತ್ತಿದ್ದ. ಕಮೀಲ ಕಿಟಕಿಯಿಂದ ನೋಡುತ್ತ, "ಅವನಿಗೆ ಗೂಡಿಗೆ ಕರೆಯೋ ಸೀಟಿ ಊದೋಕೆ ಬರಲ್ಲ, ಹಕ್ಕಿಗಳು ದಿಕ್ಕೆಡ್ತವೆ" ಎಂದು ಗೊಣಗುತ್ತಿದ್ದ. ಊಟ ಕಡಿಮೆಯಾಯಿತು. ಇಲ್ಲದ ಕೆಮ್ಮು ಶುರುವಾಯಿತು. ಡಾಕ್ಟರು ಹೇಳಿದ ಮುಕ್ಕಾಲುವಾಸಿ ಅವನ ಕಿವಿಗೆ ಬಿದ್ದೇ ಇರಲಿಲ್ಲ, ಉಳಿದ ಕಾಲುವಾಸಿಯನ್ನೇ ಹಿಡಿದುಕೊಂಡು ಕೂತ.

ಅಲೀಡಾ ಹೇಳಬೇಕೆಂದು ಎಷ್ಟು ಸಲ ಹೊರಟಳೋ. ಮಾತು ನಾಲಿಗೆಯ ತುದಿಗೆ ಬಂದಾಗಲೆಲ್ಲ ಬೀರುವಿನ ಮೇಲಿನ ಬೆಳ್ಳಿ ಬಟ್ಟಲು ಕಣ್ಣಿಗೆ ಬೀಳುತ್ತಿತ್ತು. ನಾಳೆ ಹೇಳಿದರಾಯಿತು ಎಂದು ಕಡ್ಡಿಗಳನ್ನು ಎತ್ತಿಕೊಳ್ಳುತ್ತಿದ್ದಳು.

ಒಂದು ಸಂಜೆ ಕಮೀಲನೇ ಮಾತು ತೆಗೆದ. "ಆಶೀಲನಿಗೆ ಹೇಳಿದ್ದೀನಿ. ಮುಂದಿನ ಭಾನುವಾರ ಎಲ್ಲಾ ಹರಾಜು ಹಾಕ್ತಾನೆ."

"ಎಲ್ಲಾ ಅಂದ್ರೆ?"

"ಎಲ್ಲಾ. ನೀಲೀನೂ."

ಕಡ್ಡಿಗಳು ಅವಳ ಕೈಯಲ್ಲೇ ನಿಂತವು. "ಇಷ್ಟು ಅವಸರ ಯಾಕೆ? ಡಾಕ್ಟ್ರು ಇನ್ನೂ ಏನೂ ಹೇಳಿಲ್ಲ."

"ಡಾಕ್ಟ್ರು ಹೇಳೋ ಹೊತ್ತಿಗೆ ನಾನು ಏಣಿ ಹತ್ತೋ ಸ್ಥಿತೀಲಿ ಇರ್ತೀನಾ? ನಮ್ಮ ಸಂಘದ ಆಲ್ಬರಿಕ್ ಸತ್ತಾಗ ಏನಾಯ್ತು ನೋಡಿದ್ಯಲ್ಲ. ಪಾಪ, ಅವನ ಹೆಂಡ್ತಿ ಒಂದು ಕಡೆ ಗಂಡನ್ನ ಮಣ್ಣು ಮಾಡೋದಾ, ಇನ್ನೊಂದು ಕಡೆ ಹಕ್ಕಿಗಳಿಗೆ ಕಾಳು ಹಾಕೋದಾ. ಕೊನೆಗೆ ಪಕ್ಕದ ಮನೆಯವನನ್ನ ಕರೆದು ಎಲ್ಲದರ ಕತ್ತು ಮುರಿಸಿದಳು." ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ. "ನಿನ್ನ ತಲೆಗೆ ಅದನ್ನ ಕಟ್ಟಿ ಹೋಗಲ್ಲ. ಇವುಗಳಿಂದ ನೀನು ಅನುಭವಿಸಿದ್ದು ಸಾಕು ಅಲೀಡಾ."

ಇಡೀ ದಾಂಪತ್ಯದಲ್ಲಿ ಅವನು ಅವಳಿಗೋಸ್ಕರ ಒಂದು ಮಾತು ಆಡಿದ್ದರೆ ಅದು ಇದೇ. ಈ ಮಾತನ್ನು ಎರಡು ವರ್ಷದ ಹಿಂದೆ, ಆ ಶನಿವಾರ ಬೆಳಿಗ್ಗೆ ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಈಗ ಆಡುತ್ತಿದ್ದಾನೆ, ಸಾಯುತ್ತೇನೆಂದುಕೊಂಡು. ಈ ಫಿಲ್ಮು ತೆಗೆದು ತೋರಿಸಿದರೆ ನಾಳೆ ಬೆಳಿಗ್ಗೆ ಮತ್ತೆ ಏಣಿ ಹತ್ತುತ್ತಾನೆ, ಈ ಮಾತೂ ಅವನ ಜೊತೆ ಗೂಡಿನೊಳಗೆ ಹೋಗಿಬಿಡುತ್ತದೆ. ಹಾಗೆ ಯೋಚಿಸಿದಳು. ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೂ ಹೇಳಲಿಲ್ಲ.

"ನಿನ್ನಿಷ್ಟ" ಎಂದಳು, ಅಷ್ಟೇ.

ಹರಾಜಿನ ದಿನ ಆಶೀಲನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಗೆ, ಬಿಯರಿನ ವಾಸನೆ, ಬೆತ್ತದ ಬುಟ್ಟಿಗಳೊಳಗೆ ಗುಟುರು. ಸಾವು ಹೊಕ್ಕ ಮನೆಗೆ ಬಂದವರಂತೆ ಗಂಡಸರು ಟೋಪಿ ತೆಗೆದು ಕಮೀಲನ ಕೈ ಕುಲುಕುತ್ತಿದ್ದರು. ನೀಲಿಯ ಸರದಿ ಬಂದಾಗ ಹಾಲೆಂಡಿನಿಂದ ಬಂದವನೊಬ್ಬ ಯಾರಿಗೂ ಬಿಟ್ಟುಕೊಡದೆ ಕೂಗಿ ಕೊಂಡ.

"ಇದನ್ನ ಯಾವತ್ತೂ ಹೊರಗೆ ಬಿಡೋ ಹಾಗಿಲ್ಲ, ಗೊತ್ತಲ್ಲ?" ಎಂದ ಕಮೀಲ ಅವನಿಗೆ. "ಬಾಗಿಲು ಒಂದಿಷ್ಟು ತೆರೆದಿದ್ರೂ ಸಾಕು, ಇಲ್ಲಿಗೇ ಬರುತ್ತೆ."

"ಮರಿ ಮಾಡಿಸೋಕಷ್ಟೇ. ಜಾಲರಿ ಹಾಕಿಟ್ಟಿರ್ತೀನಿ."

"ಕತ್ತಿನ ಹಿಂದೆ ಸವರಿದ್ರೆ ಇಷ್ಟ ಅದಕ್ಕೆ" ಎಂದು ಕಮೀಲ ಹೇಳಿದ. ಆಮೇಲೆ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಅಲೀಡಾ ಕರವಸ್ತ್ರ ಕೊಡಲು ಹೋದವಳು ಕೊಡದೆ ಹಿಂತಿರುಗಿದಳು.

ಮುಂದಿನ ಭಾನುವಾರ ಅವರು ಓಸ್ಟೆಂಡಿಗೆ ಹೋದರು. ಅವಳು ಎಷ್ಟು ವರ್ಷದಿಂದ ಬಯಸಿದ್ದ ಭಾನುವಾರ ಅದು. ಮಾರ್ಥಾಳ ಸಮಾಧಿಗೆ ಹೂವಿಟ್ಟು ಬಂದು ಕಡಲ ದಂಡೆಯ ಬೆಂಚಿನ ಮೇಲೆ ಕೂತರು. ಕಮೀಲ ಸಮುದ್ರವನ್ನು ನೋಡಲೇ ಇಲ್ಲ. ತಲೆಯೆತ್ತಿ ಆಕಾಶವನ್ನೇ ನೋಡುತ್ತಿದ್ದ, ಆಗಾಗ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಸೀಗಡಿಯ ಪೊಟ್ಟಣ ಅವನ ತೊಡೆಯ ಮೇಲೆ ಹಾಗೇ ಉಳಿಯಿತು. ಮನೆಗೆ ಬಂದವನು ಬೀರು ತೆರೆದು ತನ್ನ ಕಪ್ಪು ಸೂಟು ಹೊರತೆಗೆದು, "ಮಣ್ಣು ಮಾಡೋವಾಗ ಇದೇ ಸಾಕಾಗುತ್ತೆ, ಹೊಸದು ಬೇಡ" ಎಂದು ಕುರ್ಚಿಯ ಮೇಲಿಟ್ಟ.

ಆಗ ಅಲೀಡಾಗೆ ತಡೆಯಲಾಗಲಿಲ್ಲ. ಅವನು ಮಲಗುವ ಕೋಣೆಗೆ ಹೋದ ಮೇಲೆ ದಿಂಬನ್ನು ಎತ್ತಿಕೊಂಡು, ಅರ್ಧ ಹೆಣೆದ ಲೇಸನ್ನು ಕತ್ತರಿಯಿಂದ ಕಚ್ಚನೆ ಕತ್ತರಿಸಿ, ಸೂಜಿಗಳನ್ನೆಲ್ಲ ಕಿತ್ತು, ಫಿಲ್ಮನ್ನು ಕಂದು ಲಕೋಟೆಗೆ ಹಾಕಿದಳು. ಬೆಳಿಗ್ಗೆ ಅವನಿಗೆ, "ಅಟ್ಟದ ಮೇಲೆ ಸಿಕ್ತು" ಎಂದಳು.

ಡಾಕ್ಟರ್ ಲೋಬೆಲ್ ಎರಡು ಫಿಲ್ಮುಗಳನ್ನೂ ಅಕ್ಕಪಕ್ಕ ಸಿಕ್ಕಿಸಿ ದೀಪ ಹಾಕಿದ. ಹಳೆಯದರ ಮೂಲೆಯಲ್ಲಿ ಕಮೀಲನ ಹೆಸರೂ ತಾರೀಖೂ ಮಾಸದೆ ಇದ್ದವು. ಡಾಕ್ಟರು ಅಳತೆಪಟ್ಟಿ ಇಟ್ಟು ನೋಡಿದ, ಇನ್ನೊಮ್ಮೆ ನೋಡಿದ, ಆಮೇಲೆ ಜೋರಾಗಿ ನಕ್ಕ.

"ನೋಡಿ ಕಮೀಲ್ ಅವರೇ, ಅದೇ ಜಾಗ, ಅದೇ ಗಾತ್ರ. ಕೂದಲೆಳೆಯಷ್ಟೂ ಬೆಳೆದಿಲ್ಲ. ಚಿಕ್ಕಂದಿನಲ್ಲಿ ಯಾವಾಗ್ಲೋ ಕ್ಷಯದ ಸೋಂಕು ತಗುಲಿ, ನಿಮಗೆ ಗೊತ್ತಾಗೋ ಮುಂಚೆ ವಾಸಿಯಾಗಿದೆ. ಮೈ ಅದರ ಸುತ್ತ ಸುಣ್ಣದ ಗೋಡೆ ಕಟ್ಟಿ ಮುಚ್ಚಿಟ್ಟಿದೆ, ಅಷ್ಟೇ. ನಿಮ್ಮ ವಯಸ್ಸಿನ ಎಷ್ಟೋ ಜನರ ಎದೇಲಿ ಇದು ಇದ್ದೇ ಇರುತ್ತೆ. ಇನ್ನು ಪಾರಿವಾಳದ್ದೂ ಹೆದರಿಕೆ ಇಲ್ಲ. ಗೂಡು ಗುಡಿಸುವಾಗ ಬಾಯಿಗೆ ಬಟ್ಟೆ ಕಟ್ಕೊಳ್ಳಿ, ಸಾಕು."

"ಪಾರಿವಾಳ ಇಲ್ಲ ಡಾಕ್ಟ್ರೆ" ಎಂದ ಕಮೀಲ.

ಡಾಕ್ಟರನ ನಗು ನಿಂತಿತು. ಏನು ಹೇಳುವುದೆಂದು ತೋಚದೆ ಫಿಲ್ಮಿನ ಕಡೆ ತಿರುಗಿ, "ಇದೇನು, ಮೈತುಂಬಾ ತೂತು?" ಎಂದು ಕೇಳಿದ.

ಕಮೀಲ ಎದ್ದು ಹತ್ತಿರ ಹೋದ. ಬೆಳಕು ತೂತು ತೂತುಗಳಿಂದ ಹೊರಗೆ ತೂರಿ ಬರುತ್ತಿತ್ತು. ಅವನ ಪಕ್ಕೆಲುಬುಗಳ ಉದ್ದಕ್ಕೂ ಎಲೆ, ಬಳ್ಳಿ, ಮತ್ತೆ ಎಲೆ. ಚುಕ್ಕೆಯ ಸುತ್ತ ಒಂದು ಹೂವು. ಅವನು ಬೆರಳಿಟ್ಟು ಆ ಬಳ್ಳಿಯನ್ನು ಮೇಲಿಂದ ಕೆಳಗಿನವರೆಗೆ ಹಿಂಬಾಲಿಸಿದ, ಹಕ್ಕಿಯ ರೆಕ್ಕೆ ಬಿಡಿಸಿ ನೋಡುವ ಹಾಗೆಯೇ. ಅಡುಗೆಮನೆಯ ಪರದೆಯ ಅಂಚಿನಲ್ಲಿ, ದಿಂಬಿನ ಚೀಲದ ಅಂಚಿನಲ್ಲಿ, ನಿನ್ನೆ ಸಂಜೆಯವರೆಗೂ ಅವಳ ಮಡಿಲಲ್ಲಿ ಇದ್ದದ್ದು ಇದೇ ಬಳ್ಳಿ. ಅವಳು ಹೆಣೆಯುವುದನ್ನು ಅವನು ಮೊದಲ ಸಲ ನೋಡಿದ್ದು ಅಲ್ಲಿ.

ಕಾರಿನಲ್ಲಿ ಕೂತ ಮೇಲೂ ಅವನು ಕೀಲಿ ತಿರುಗಿಸಲಿಲ್ಲ.

"ಅಟ್ಟದ ಮೇಲೆ ಸಿಕ್ಕಿದ್ದಲ್ಲ ಅದು."

"ಅಲ್ಲ."

"ಯಾವಾಗಿಂದ ಗೊತ್ತಿತ್ತು?"

"ಮೊದಲನೇ ದಿನದಿಂದ. ಚುಕ್ಕೇನೂ ನೋಡಿದ್ದೆ."

"ಮಾರ್ಥಾಗೋಸ್ಕರನಾ?"

"ಹೂಂ."

"ಅವತ್ತು ಬಳೆ ಗಡಿಯಾರಕ್ಕೆ ಹಾಕೋಕೆ ಆಶೀಲನಿಗೆ ಹೇಳಬಹುದಿತ್ತು" ಎಂದ ಕಮೀಲ. "ಅವನು ಬರ್ತೀನಿ ಅಂದಿದ್ದ ಕೂಡ. ನನಗೇ ಒತ್ತಬೇಕು ಅಂತ ಆಸೆ."

ಅಲೀಡಾ ಕಾದಿದ್ದು ಈ ಒಂದು ಮಾತಿಗೆ. ಬಂದಾಗ ಅದರಿಂದ ಏನೂ ಸಿಗಲಿಲ್ಲ. "ಹೊಸ ಮರಿ ತಗೊಂಡು ಬಾ" ಎಂದಳು, ತನಗೇ ಕೇಳಿಸದ ದನಿಯಲ್ಲಿ. "ಮತ್ತೆ ಶುರು ಮಾಡು. ನಾನು ಏನೂ ಅನ್ನಲ್ಲ."

"ಮರಿಗೆ ಮನೆಗೆ ವಾಪಸ್ ಬರೋದನ್ನ ಕಲಿಸಬೇಕು ಅಲೀಡಾ. ಈ ಮನೆಗೆ ಬಾ ಅಂತ ಇನ್ನು ಯಾವ ಬಾಯಲ್ಲಿ ಹೇಳ್ಲಿ?"

ಆಮೇಲೆ ಕಮೀಲ ಸಿಟ್ಟು ಮಾಡಲಿಲ್ಲ, ಕೂಗಾಡಲಿಲ್ಲ, ಯಾರಿಗೂ ಹೇಳಲಿಲ್ಲ. ಅಂಡವಾಯು ಆಪರೇಷನ್ ಆಯಿತು, ಕೆಮ್ಮು ತಾನಾಗಿ ನಿಂತಿತು, ಮೈ ತುಂಬಿಕೊಂಡಿತು. ಗೂಡಿನ ಬಾಗಿಲಿಗೆ ಹಲಗೆ ಹೊಡೆದ. ಕೂಗಾಡಿದ್ದರೆ ಅವಳೂ ಎರಡು ಮಾತಾಡಿ ಹಗುರಾಗುತ್ತಿದ್ದಳು. ಬದಲಿಗೆ ಪ್ರತಿ ಶನಿವಾರ ಬೆಳಿಗ್ಗೆ ಕಾಫಿ ಕುಡಿದು ಬಟ್ಟಲು ಕೆಳಗಿಟ್ಟು ಅವನು ಒಂದೇ ಮಾತು ಹೇಳುತ್ತಿದ್ದ: "ಬಟ್ಟೆ ಒಣಹಾಕು, ಅಲೀಡಾ." ಅವಳು ಒಣಹಾಕುತ್ತಿದ್ದಳು. ಒಗೆಯುವುದು ಇಲ್ಲದಿದ್ದರೂ ಏನನ್ನಾದರೂ ಒದ್ದೆ ಮಾಡಿ ನೇತುಹಾಕುತ್ತಿದ್ದಳು.

ಮೇ ತಿಂಗಳ ಒಂದು ಶನಿವಾರ ಗಾಳಿ ಚೆನ್ನಾಗಿತ್ತು. ಹಗ್ಗದ ತುಂಬ ಹಾಸುಬಟ್ಟೆಗಳು. ಕೊನೆಯದಕ್ಕೆ ಕ್ಲಿಪ್ಪು ಹಾಕುವಾಗ ಮೇಲೆ ರೆಕ್ಕೆಯ ಸದ್ದಾಯಿತು. ತಲೆಯೆತ್ತಿದಳು. ಮಾಡಿನ ತುದಿಯಲ್ಲಿ ಒಂದು ನೀಲಿ ಪಾರಿವಾಳ ಕೂತಿತ್ತು. ಬಾಲದ ಎರಡು ಗರಿ ಮುರಿದಿತ್ತು, ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು.

ಅದು ಗೂಡಿನ ಕಡೆ ಹಾರಿತು. ಬಟ್ಟೆ ಪಟಾರನೆ ಬಡಿಯಿತು. ಬೆದರಿ ಮೇಲೆದ್ದು, ಮನೆಯ ಮೇಲೆ ಒಂದು ಸುತ್ತು ಹಾಕಿ ಮತ್ತೆ ಮಾಡಿನ ಮೇಲೆ ಬಂದು ಕೂತಿತು.

ಅಲೀಡಾ ಹಗ್ಗಕ್ಕೆ ಕೈ ಹಾಕಿ ಮೊದಲ ಹಾಸುಬಟ್ಟೆಯನ್ನು ಎಳೆದಳು.

"ಬಿಡು" ಎಂದ ಕಮೀಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ನಿನ್ನ ನೀಲಿ ಅದು. ಹಾಲೆಂಡಿನಿಂದ ಬಂದಿದೆ. ಸೀಟಿ ಊದು, ಕಮೀಲ್. ಹಲಗೆ ತೆಗಿ. ನಾನು ಎಲ್ಲಾ ತೆಗೆದುಬಿಡ್ತೀನಿ, ಒಂದೇ ನಿಮಿಷ."

ಅವನು ಹಕ್ಕಿಯನ್ನು ನೋಡಿದ. ಬೆರಳುಗಳು ಅಂಗಿಯ ಜೇಬಿನ ಹತ್ತಿರ, ಸೀಟಿ ಇರುತ್ತಿದ್ದ ಜಾಗಕ್ಕೆ, ಹೋಗಿ ಅಲ್ಲೇ ನಿಂತವು.

"ಅದು ಈಗ ನನ್ನದಲ್ಲ" ಎಂದ. "ಬಟ್ಟೆ ಇನ್ನೂ ಒದ್ದೆ ಇದೆ. ಇರ್ಲಿ ಬಿಡು."

ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಅಲೀಡಾ ಅರ್ಧ ಎಳೆದ ಹಾಸುಬಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದಳು. ಉಳಿದವು ಅವಳ ಸುತ್ತ ಬಡಿದುಕೊಳ್ಳುತ್ತಿದ್ದವು. ನೀಲಿ ಇನ್ನೆರಡು ಸಲ ಇಳಿಯಲು ನೋಡಿತು. ಆಮೇಲೆ ಎದ್ದು, ಚರ್ಚಿನ ಗೋಪುರದ ಕಡೆಗೆ ಹಾರಿಹೋಯಿತು.

ಸಂಜೆ ಅವಳು ಬಟ್ಟೆಗಳನ್ನು ತೆಗೆದು ಒಳಗೆ ತಂದಳು. ಎಲ್ಲ ಚೆನ್ನಾಗಿ ಒಣಗಿದ್ದವು. ಮೇಜಿನ ಮೇಲಿಟ್ಟು ಒಂದೊಂದಾಗಿ ಮಡಿಸಿದಳು.